ಅಭ್ಯಂಗವೂ ಅನುಲೇಪನವೂ

ಸ್ನಾನವಾದ ಮೇಲೆ ಮೈಗೆ ಹಚ್ಚಿಕೊಳ್ಳತಕ್ಕ ಸುಗಂಧಯುಕ್ತವಾದ ಬಿಳಿಯ ದ್ರವವೊಂದು 'ಲೋಷನ್' ಎಂಬ ಹೆಸರಿನಿಂದ ಈಗ ಪಟ್ಟಣದ ಮನೆಗಳಲ್ಲಿಯೇ ಅಲ್ಲದೆ ಹಳ್ಳಿಯ ಮನೆಗಳಲ್ಲಿಯೂ, ಹಿಂದೆ ಸೀಗೆಪುಡಿಯ ಡಬ್ಬಿಯಿದ್ದ ಬಚ್ಚಲ ಗೂಡಿನಲ್ಲಿ ನೆಲೆಸಿರುವುದು. ಇದರ ವಿಷಯದಲ್ಲಿ ಎರಡು ಪಕ್ಷಗಳು ಕೇಳಬರುತ್ತವೆ. ಇದು ಪರದೇಶದಿಂದ ಬಂದ ವಿಲಾಸವಸ್ತು, ಹಿರಿಯರು ಇದನ್ನು ಕಂಡವರಲ್ಲವೆಂಬುದು ಒಂದು ಪಕ್ಷ. ಸಂಸ್ಕೃತ ಕಾವ್ಯಗಳಲ್ಲಿ ಹೆಜ್ಜೆಹೆಜ್ಜೆಗೂ ಬರುವ ಅನುಲೇಪನವೇ ಇದು, ಹೊಸದಾಗಿರುವುದು ಸೀಸೆ ಮಾತ್ರವೆಂಬುದು ಇನ್ನೊಂದು ಪಕ್ಷ. ಎರಡನೆಯದು ಕಿವಿಗೆ ಇಂಪಾಗಿರುವುದರಿಂದ ಮಾರಾಟಗಾರರ ಪ್ರಕಟಣೆಗಳಲ್ಲಿಯೂ ಸೇರಿಕೊಂಡಿದೆ. ಆದರೆ ಗ್ರಂಥಗಳನ್ನು ಬಿಚ್ಚಿ ನೋಡಿದಲ್ಲಿ ಈ ಎರಡು ಪಕ್ಷಗಳೂ ನಿಲ್ಲುವಂತೆ ತೋರುವುದಿಲ್ಲ. ಪ್ರಾಚೀನರಲ್ಲಿ ಮೈಗೆ ಸ್ನೇಹವನ್ನು ಊಡಿಸುವ ಕರ್ಮವೇ ಬೇರೆ, ಗಂಧವನ್ನು ತೊಡೆಯುವ ಕರ್ಮವೇ ಬೇರೆ. ಮೊದಲನೆಯದು ಸ್ನಾನಕ್ಕೆ ಪೂರ್ವಾಂಗ, ಎರಡನೆಯದು ಅಲಂಕಾರದ ಅಂಗ. ಇವೆರಡೂ ಒಂದೇ ಸೀಸೆಯಲ್ಲಿ ಕೂಡಿದುದು ಹೇಗೆ, ಆ ಕೂಟದಲ್ಲಿ ಕನ್ನಡ ನಾಡಿನ ಪಾಲು ಎಷ್ಟು ಎಂಬುದೇ ಇಲ್ಲಿ ವಿಚಾರಾರ್ಹವಾದ ಸಂಗತಿ.

ಬಾಲ್ಯದಲ್ಲಿ ಅಮರಕೋಶವನ್ನು ಕಂಠಪಾಠ ಮಾಡಿದವರಿಗೆ ಮನುಷ್ಯವರ್ಗದ ಕ್ರಮವು ನೆನಪಿರಬಹುದು. ಅಲ್ಲಿ ಅಮರಸಿಂಹನು ಅಂಗಸಂಸ್ಕಾರವನ್ನು ಹೇಳಿ, ಮೈಯನ್ನು ಉಜ್ಜುವ ಮಾರ್ಜನ, ಉದ್ವರ್ತನ, ಉತ್ಸಾದನಗಳನ್ನು ಹೇಳಿ, ಆಮೇಲೆ ಸ್ನಾನವನ್ನೂ ಅದಾದ ಮೇಲೆ ಚರ್ಚೆ, ಸ್ಥಾಸಕ ಮೊದಲಾದ ಗಂಧಲೇಪನದ ಹೆಸರುಗಳನ್ನೂ ಹೇಳುತ್ತಾನೆ. ಕರ್ಪೂರ, ಅಗರು, ಕಸ್ತೂರಿ, ಕಕ್ಕೋಲ ಇವುಗಳ ಮಿಶ್ರಣಕ್ಕೆ ಯಕ್ಷಕರ್ದಮವೆಂಬ ಸೊಗಸಾದ ಹೆಸರನ್ನು ಕೊಡುವವನೂ ಅವನೇ. ನಿಘಂಟುಕಾರನು ಶಬ್ದಗಳನ್ನು ಜೋಡಿಸಿದ ಕ್ರಮವು ಬಚ್ಚಲಿನ ಕ್ರಮವೇ ಆಗಿರುವುದನ್ನು ಗಮನಿಸಬೇಕು. ಚರಕಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದಲ್ಲಿಯೂ ಹೀಗೆಯೇ. ಎಣ್ಣೆ ಹೀರಿದ ಗಡಿಗೆ, ಎಣ್ಣೆ ಕುಡಿದ ತೊಗಲು, ಎಣ್ಣೆ ಹಾಕಿದ ಬಂಡಿಯ ಅಚ್ಚು ಇವು ಹೇಗೆ ದೃಢವೂ ಕ್ಲೇಶಸಹವೂ ಆಗುವುವೋ ಹಾಗೆ ಅಭ್ಯಂಗದಿಂದ ಶರೀರವೂ ದೃಢವಾಗುವುದೆಂದು ಅಲ್ಲಿ ಹೇಳಿದೆ. ಮೂರು ದೃಷ್ಟಾಂತಗಳೂ ಕುಂಬಾರನ, ಸಮಗಾರನ, ಬಂಡಿ ಹೊಡೆಯುವವನ ಅನುಭವದಿಂದ ಬಂದವು. ಅರಮನೆಯ ಸೋಂಕು ಒಂದಕ್ಕೂ ಇಲ್ಲ. ಆಮೇಲೆ ಸ್ನಾನ, ಶುಭ್ರವಾದ ವಸ್ತ್ರ, ಅನಂತರ ಗಂಧಮಾಲ್ಯ, ಅದರ ಹಿಂದೆಯೇ ರತ್ನಾಭರಣ. ಗಂಧಕ್ಕೆ ಆ ಶಾಸ್ತ್ರಕಾರನು ಕೊಟ್ಟಿರುವ ಸ್ಥಾನವು ಬಟ್ಟೆಗೂ ಒಡವೆಗೂ ನಡುವೆ ಎಂಬುದರಿಂದಲೇ ಅದರ ಸ್ವರೂಪವು ತಿಳಿಯುವುದು.

ವಾಗ್ಭಟನಂತೂ ಸಂದೇಹಕ್ಕೆ ಎಡೆಯನ್ನೇ ಇಟ್ಟಿಲ್ಲ. ಅಷ್ಟಾಂಗಹೃದಯದ ಋತುಚರ್ಯಾಧ್ಯಾಯದಲ್ಲಿ ಹೇಮಂತಋತುವಿನ ವಿಧಿಯನ್ನು ಹೇಳುವಾಗ, ವಾತಹರವಾದ ತೈಲದಿಂದ ಅಭ್ಯಂಗ ಮಾಡಿಕೊಂಡು, ಮರ್ದನವಾದ ಮೇಲೆ ಒಗರಾದ ದ್ರವ್ಯಗಳಿಂದ ಆ ಎಣ್ಣೆಯನ್ನು ತೆಗೆದುಹಾಕಿ, ವಿಧಿಪೂರ್ವಕವಾಗಿ ಸ್ನಾನ ಮಾಡಿ, ಆಮೇಲೆ ಕಸ್ತೂರಿ ಬೆರೆತ ಕುಂಕುಮಕೇಸರಿಯನ್ನು ಲೇಪಿಸಿಕೊಂಡು ಅಗರುಧೂಪವನ್ನು ಹಿಡಿಯಬೇಕೆಂದು ವಿಧಿಸಿದ್ದಾನೆ. ವಸಂತದಲ್ಲಿ ಕರ್ಪೂರ, ಚಂದನ, ಅಗರು, ಕೇಸರಿ, ಗ್ರೀಷ್ಮದಲ್ಲಿ ಚಂದನ. ಎಣ್ಣೆಯನ್ನು ಹಚ್ಚಿದ್ದೂ ಅದನ್ನು ತೆಗೆದದ್ದೂ ಸ್ನಾನಕ್ಕೆ ಮೊದಲು. ಲೇಪನಕ್ಕೆ ಕುಳಿತಾಗ ಮೈಯಲ್ಲಿ ಜಿಡ್ಡು ಕಾಣುವಂತಿರಬಾರದು. ಸೀಗೆಪುಡಿ, ಚಿಗರೆಪುಡಿ, ಕಡಲೆಹಿಟ್ಟು, ಹೆಸರುಹಿಟ್ಟುಗಳಿಂದ ಎಣ್ಣೆಸ್ನಾನವನ್ನು ಮುಗಿಸುತ್ತಿದ್ದ ಕನ್ನಡದ ಮನೆಗಳು ವಾಗ್ಭಟನನ್ನು ಓದದೆಯೇ ವಾಗ್ಭಟನ ಮಾತನ್ನು ನಡೆಸುತ್ತಿದ್ದವು. ಅವನು ದಿನಚರ್ಯೆಯಲ್ಲಿ ಅಭ್ಯಂಗವನ್ನು ನಿತ್ಯವೂ ಮಾಡತಕ್ಕುದೆಂದಿದ್ದರೂ, ಹಂಡೆ ತುಂಬ ನೀರನ್ನೂ ಸೌದೆಯನ್ನೂ ಹೊಂದಿಸಬೇಕಾದ ಗೃಹಿಣಿಯರು ಅದನ್ನು ವಾರಕ್ಕೊಂದು ದಿನಕ್ಕೆ ಇಳಿಸಿದುದು ಶಾಸ್ತ್ರಕ್ಕೆ ಲೋಕವು ಮಾಡಿದ ನ್ಯಾಯವಾದ ತಿದ್ದುಪಡಿಯೇ ಸರಿ.

ವಾತ್ಸ್ಯಾಯನನು ವರ್ಣಿಸಿರುವ ನಾಗರಿಕನ ದಿನಚರಿಯೂ ಇದಕ್ಕೆ ಸಾಕ್ಷಿಯಾಗಿದೆ. ಬೆಳಗ್ಗೆ ಎದ್ದು ಹಲ್ಲುಜ್ಜಿದ ಮೇಲೆ ಅವನು ಮಿತವಾಗಿ ಅನುಲೇಪನವನ್ನೂ ಧೂಪವನ್ನೂ ಹೂಮಾಲೆಯನ್ನೂ ತೆಗೆದುಕೊಂಡು, ಮೇಣವನ್ನೂ ಅರಗಿನ ರಂಗನ್ನೂ ಹಚ್ಚಿ, ಕನ್ನಡಿಯಲ್ಲಿ ಮುಖ ನೋಡಿ, ತಾಂಬೂಲ ಹಾಕಿ ಕೆಲಸಕ್ಕೆ ಹೊರಡುತ್ತಾನೆ. ನಿತ್ಯಸ್ನಾನ, ದಿನಬಿಟ್ಟು ದಿನ ಉತ್ಸಾದನ, ಮೂರನೆಯ ದಿನಕ್ಕೊಮ್ಮೆ ನೊರೆಬರುವ ಫೇನಕ ಇವುಗಳನ್ನು ಬೇರೆಯಾಗಿಯೇ ಎಣಿಸಿದೆ. ಅವನ ಶಯ್ಯೆಯ ಬಳಿಯ ವೇದಿಕೆಯ ಮೇಲೆ ರಾತ್ರಿ ಉಳಿದ ಅನುಲೇಪನವಿದೆ, ಮೇಣದ ಕರಂಡಕವಿದೆ, ಪರಿಮಳದ್ರವ್ಯದ ಪುಟ್ಟ ಪಾತ್ರೆಯಿದೆ. ಮೇಣವೂ ಗಂಧವೂ ಒಂದೇ ಹಲಗೆಯ ಮೇಲೆ ಒಂದು ಗೇಣಿನ ಅಂತರದಲ್ಲಿ ಕುಳಿತಿದ್ದರೂ ಅವೆರಡನ್ನೂ ಕೂಡಿಸಿ ಮೈಗೆ ಬಳಿಯಬೇಕೆಂದು ಆ ರಸಿಕನಿಗೆ ತೋಚಿದಂತಿಲ್ಲ.

ಕನ್ನಡ ನಾಡಿಗೆ ಬಂದರೆ, ಈ ವಿಷಯದಲ್ಲಿ ಅತ್ಯಂತ ಸಮೃದ್ಧವಾದ ಗ್ರಂಥವು ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು ೧೧೨೯ರಲ್ಲಿ ರಚಿಸಿದ ಮಾನಸೋಲ್ಲಾಸ. ಅಭಿಲಷಿತಾರ್ಥಚಿಂತಾಮಣಿಯೆಂಬುದು ಇದರ ಇನ್ನೊಂದು ಹೆಸರು. ಆ ಹೆಸರಿನಿಂದಲೇ ಇದರ ಒಂದು ಭಾಗವು ೧೯೨೬ರಲ್ಲಿ ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಿಂದ ಅಚ್ಚಾಯಿತು. ಐದು ವಿಂಶತಿಗಳಲ್ಲಿ ನೂರು ಪ್ರಕರಣಗಳುಳ್ಳ ಈ ಗ್ರಂಥದ ಮೂರನೆಯ ವಿಂಶತಿಯು ರಾಜನ ಉಪಭೋಗಗಳಿಗೆ ಮೀಸಲು. ಗೃಹ, ಸ್ನಾನ, ಪಾದುಕಾ, ತಾಂಬೂಲ, ವಿಲೇಪನ, ವಸ್ತ್ರ, ಮಾಲ್ಯ, ಭೂಷಾ ಎಂದು ಅದರ ಕ್ರಮ. ಪರಿಮಳತೈಲದ ಅಭ್ಯಂಗವು ಸ್ನಾನಭೋಗದೊಳಗೆ ಸೇರಿದೆ. ರಾಜನು ಸ್ನಾನಗೃಹದಿಂದ ಎದ್ದು, ಪಾದುಕೆ ಮೆಟ್ಟಿ, ವೀಳ್ಯ ಸವಿದ ಮೇಲಷ್ಟೇ ವಿಲೇಪನಭೋಗವು ಆರಂಭವಾಗುವುದು. ನಡುವೆ ಎರಡು ಪ್ರಕರಣಗಳಷ್ಟು ದೂರ! ಕಾಲಿಗೆ ಮಾಡುವ ಅಭ್ಯಂಗಕ್ಕೆ ಭೋಜನಪ್ರಕರಣಗಳಾದ ಮೇಲೆ ಪ್ರತ್ಯೇಕವಾದ ಅಧ್ಯಾಯವೇ ಇದೆ. ರಾಜ್ಯವಾಳುವುದಕ್ಕಿಂತ ಗ್ರಂಥ ಬರೆಯುವುದರಲ್ಲಿ ಹೆಚ್ಚು ಕೀರ್ತಿಯನ್ನು ಪಡೆದ ಈ ದೊರೆಗೆ ಸೂಕ್ಷ್ಮಭೇದಗಳಲ್ಲಿ ಇದ್ದ ಶ್ರದ್ಧೆಯು ಇದರಿಂದ ವ್ಯಕ್ತವಾಗುತ್ತದೆ. ಇವನಿಗೆ ನೂರು ವರ್ಷ ಮೊದಲು, ಕ್ರಿ. ಶ. ೧೦೨೫ರ ಸುಮಾರಿನಲ್ಲಿ, ಅದೇ ವಂಶದ ಜಯಸಿಂಹನ ಕಾಲದಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ಬರೆದ ಲೋಕೋಪಕಾರವು ಜ್ಯೋತಿಷ, ವಾಸ್ತು, ಭೂಜಲ, ವೃಕ್ಷಾಯುರ್ವೇದ, ಪಾಕ, ವೈದ್ಯಗಳ ಜೊತೆಗೆ ಗಂಧಯುಕ್ತಿಗೂ ಸ್ಥಳವನ್ನು ಕೊಟ್ಟಿದೆ. ಬಾವಿ ತೋಡುವವನಿಗೂ ಅಡಿಗೆಯವನಿಗೂ ಬೇಕಾದ ಗ್ರಂಥದಲ್ಲಿ ಸುಗಂಧವನ್ನು ಕೂಡಿಸುವ ವಿಧಿಯೂ ಇರುವುದರಿಂದ ಈ ವಿದ್ಯೆಯು ಅರಮನೆಯ ಗೋಡೆಯೊಳಗೇ ಉಳಿದಿರಲಿಲ್ಲವೆಂದು ಊಹಿಸಬಹುದು.

ಗಂಧಯುಕ್ತಿಯೆಂಬುದು ಎಂತಹ ಗಹನವಾದ ಶಾಸ್ತ್ರವಾಗಿತ್ತೆಂಬುದನ್ನು ತಿಳಿಯಬೇಕಾದರೆ ಆರನೆಯ ಶತಮಾನದ ವರಾಹಮಿಹಿರನನ್ನು ನೋಡಬೇಕು. ಬೃಹತ್ಸಂಹಿತೆಯಲ್ಲಿ ಗ್ರಹಚಾರವನ್ನು ಹೇಳಿದ ಲೇಖನಿಯಿಂದಲೇ ಅವನು ಹದಿನಾರು ದ್ರವ್ಯಗಳನ್ನು ಪಟ್ಟಿಮಾಡಿದ್ದಾನೆ. ಕೊನ್ನಾರಿಗೆಡ್ಡೆ, ಕಲ್ಲುಹೂ, ಕರ್ಪೂರ, ಲಾವಂಚ, ನಾಗಕೇಸರ, ಅಗರು, ದವನ, ಕೊತ್ತುಂಬರಿ, ಚಂದನ ಮೊದಲಾದವು ಅವುಗಳಲ್ಲಿ ಸೇರಿವೆ. ಬಹುಪಾಲು ಇಂದಿಗೂ ಗಂಧಿಗೆ ಅಂಗಡಿಯಲ್ಲಿ ದೊರೆಯತಕ್ಕವೇ. ಹದಿನಾರರಲ್ಲಿ ನಾಲ್ಕು ನಾಲ್ಕನ್ನು ಆರಿಸಿದರೆ ೧,೮೨೦ ಗುಂಪುಗಳಾಗುವುವು. ಭಾಗಗಳನ್ನು ಹೆಚ್ಚುಕಡಮೆ ಮಾಡುವುದರಿಂದ ಒಂದೊಂದು ಗುಂಪಿಗೆ ೯೬ ಭೇದಗಳೆಂದು ಎಣಿಸಿ, ಒಟ್ಟು ೧,೭೪,೭೨೦ ಗಂಧಗಳೆಂದು ಅವನು ಲೆಕ್ಕ ಹಾಕಿದ್ದಾನೆ. ಆ ಹದಿನಾರನ್ನೂ ನಾಲ್ಕು ನಾಲ್ಕು ಮನೆಗಳ ಚೌಕದಲ್ಲಿ ಭಾಗಸಂಖ್ಯೆಗಳೊಡನೆ ಬರೆದು, ಯಾವ ಸಾಲನ್ನು ಕೂಡಿದರೂ ಹದಿನೆಂಟೇ ಬರುವಂತೆ ಜೋಡಿಸಿರುವನು. ಗಣಿತವನ್ನು ಕಲಿಯಲೊಲ್ಲದ ಹುಡುಗರಿಗೆ ಇದನ್ನು ತೋರಿಸಬಹುದು; ಸಂಯೋಗಗಣಿತದ ಚರಿತ್ರೆಯನ್ನು ಬರೆಯುವವರು ಈ ಸುಗಂಧದ ಅಧ್ಯಾಯವನ್ನು ಬಿಟ್ಟು ಮುಂದೆ ಹೋಗಲಾರರು.

ಇಷ್ಟು ಗಂಧಗಳಿದ್ದರೂ ಅವು ಎಲ್ಲರ ಮೈಗೂ ಸಲ್ಲುತ್ತಿರಲಿಲ್ಲವೆಂಬುದನ್ನು ಮರೆಮಾಚಬಾರದು. ಮನುವು ಬ್ರಹ್ಮಚಾರಿಗೆ ಗಂಧ, ಮಾಲ್ಯ, ಅಭ್ಯಂಗಗಳನ್ನು ನಿಷೇಧಿಸಿದ್ದಾನೆ. ಅದು ವಿದ್ಯಾರ್ಥಿದಶೆಯ ಕೆಲವು ವರ್ಷಗಳ ಮಾತು, ಸಮಾವರ್ತನದೊಡನೆ ಮುಗಿಯುತ್ತಿತ್ತು. ಆದರೆ ಈಚಿನ ಸ್ಮೃತಿಗಳು ವಿಧವೆಗೆ ಹೇಳಿದ ಗಂಧಪುಷ್ಪತಾಂಬೂಲಗಳ ತ್ಯಾಗವು ಆಯುಷ್ಯವಿಡೀ ನಡೆಯತಕ್ಕುದಾಗಿತ್ತು. ಪ್ರತಿದಿನವೂ ಮನೆಯ ದೇವರಿಗೆಂದು ಸಾಣೆಕಲ್ಲಿನ ಮೇಲೆ ಕೊರಡನ್ನು ತೇಯುತ್ತಿದ್ದ ಎಷ್ಟೋ ಕೈಗಳಿಗೆ ಆ ಗಂಧದಲ್ಲಿ ಒಂದು ಬೆರಳಿನಷ್ಟನ್ನೂ ತಮ್ಮ ಮೈಗೆ ಸೋಕಿಸಿಕೊಳ್ಳುವ ಅಧಿಕಾರವಿರಲಿಲ್ಲ. ಶಾಸನಗಳಲ್ಲಿ ದೇವರ ಅಂಗಭೋಗ ರಂಗಭೋಗಗಳಿಗೆಂದು ಬಿಟ್ಟ ಭೂಮಿಯ ಎಲ್ಲೆಕಟ್ಟುಗಳೆಲ್ಲ ವಿವರವಾಗಿವೆ. ಗಂಧವನ್ನು ತೇಯ್ದವರ ಹೆಸರುಗಳನ್ನು ಹುಡುಕಿದರೆ ಸಿಕ್ಕುವುದು ಅಪೂರ್ವ. ಅಂಗಡಿಯಲ್ಲಿ ದೊರೆಯುವ ಸೀಸೆಯು ಕೊಳ್ಳುವವರ ಆಶ್ರಮವನ್ನು ಕೇಳುವುದಿಲ್ಲವೆಂಬ ಈ ಒಂದು ಗುಣವನ್ನಾದರೂ ಅದರ ಪಾಲಿಗೆ ಬರೆಯಲೇಬೇಕು.

ಇಲ್ಲಿ ಒಂದು ಶಂಕೆ ಹುಟ್ಟಬಹುದು. ಚರಕನು ದಾಹಜ್ವರಕ್ಕೆ ಹೇಳಿದ ಚಂದನಾದ್ಯತೈಲದಲ್ಲಿ ಗಂಧವೂ ಎಣ್ಣೆಯೂ ಕೂಡಿಯೇ ಇವೆಯಲ್ಲ. ಎಳ್ಳನ್ನು ಹೂವುಗಳ ನಡುವೆ ಪದರಪದರವಾಗಿ ಹರಡಿ ಪರಿಮಳವನ್ನು ಹೀರಿಸಿ ಆಮೇಲೆ ಗಾಣಕ್ಕೆ ಹಾಕುವ ಕ್ರಮವೂ ಪ್ರಾಚೀನವಾದದ್ದೇ ಅಲ್ಲವೆ? ನಿಜ. ಆದರೆ ಚಂದನಾದ್ಯತೈಲವು ಔಷಧ. ರೋಗಿಗೆ ಮಾತ್ರ ಸಂಬಂಧಪಟ್ಟುದು. ಹೂವಿನೆಣ್ಣೆಯು ಸ್ನಾನಕ್ಕೆ ಮೊದಲು ತಲೆಗೂ ಮೈಗೂ ಹಚ್ಚುವಂಥದು. ಅದರ ಪರಿಮಳದಲ್ಲಿ ಹೆಚ್ಚಿನ ಭಾಗವನ್ನು ಹಿಟ್ಟಿನೊಡನೆ ಬಚ್ಚಲ ಕಾಲುವೆಯೇ ಕೊಂಡೊಯ್ಯುತ್ತಿತ್ತು. ಸ್ನಾನವಾದ ಮೇಲೆ ಮೈಯಲ್ಲಿಯೇ ನಿಲ್ಲಬೇಕೆಂದು ಗಂಧ ಸ್ನೇಹಗಳೆರಡನ್ನೂ ಒಟ್ಟಿಗೆ ಹಚ್ಚುವ ನಿತ್ಯವಿಧಿಯು ಈ ಗ್ರಂಥಗಳಲ್ಲಿ ಕಾಣಬರುವುದಿಲ್ಲ.

ಹಾಗಾದರೆ ನೀರಿನಲ್ಲಿ ತೇಯ್ದ ಚಂದನವು ಚರ್ಮಕ್ಕೆ ಏನು ಮಾಡುತ್ತಿತ್ತು? ಅದರಲ್ಲಿಯ ನೀರು ಆವಿಯಾಗಿ ಹೋಗುವಾಗ ಮೈಯ ಶಾಖವನ್ನು ಕೊಂಡುಹೋಗುವುದರಿಂದ ತಂಪಾಗುವುದು. ಗ್ರೀಷ್ಮಕ್ಕೆ ಅದನ್ನು ವಿಧಿಸಿದ್ದು ಯುಕ್ತವೇ. ಆದರೆ ಲೇಪವು ಒಣಗಿದಾಗ ಚರ್ಮವು ಬಿಗಿಯುವುದೇ ಹೊರತು ಮೆತ್ತಗಾಗುವುದಿಲ್ಲ. ಬಯಲುಸೀಮೆಯ ಮಾಗಿಯ ಚಳಿಯಲ್ಲಿ ಮೈ ಬಿಳಿಚಿ ಒಡೆದವನು ಬರಿಯ ಗಂಧವನ್ನು ತೊಡೆದುಕೊಂಡರೆ ಉರಿಯೇ ಹೆಚ್ಚೀತು. ಚರ್ಮವು ಮೃದುವಾಗಿರುವುದು ಯಾವುದರಿಂದ ಎಂಬ ಪ್ರಶ್ನೆಗೆ ಬಹುಕಾಲ ಎಲ್ಲ ದೇಶಗಳ ಜನರೂ ಎಣ್ಣೆಯಿಂದ ಎಂದೇ ಉತ್ತರ ಹೇಳುತ್ತಿದ್ದರು. ೧೯೫೨ರಲ್ಲಿ ಅಮೆರಿಕದ ಬಾಸ್ಟನ್ ನಗರದ ಇರ್ವಿನ್ ಬ್ಲ್ಯಾಂಕ್ ಎಂಬ ವಿಜ್ಞಾನಿಯು ಇದನ್ನು ಪರೀಕ್ಷಿಸಿದನು. ದಡ್ಡುಗಟ್ಟಿ ಒಣಗಿದ ಚರ್ಮದ ತುಂಡುಗಳನ್ನು ಎಣ್ಣೆಯಲ್ಲಿ ಎಷ್ಟು ಕಾಲ ನೆನೆಯಿಟ್ಟರೂ ಅವು ಪೆಡಸಾಗಿಯೇ ಉಳಿದುವು. ನೀರಿನ ಸಂಪರ್ಕ ದೊರೆತೊಡನೆ ಬಾಗತೊಡಗಿದುವು. ಚರ್ಮದ ಹೊರಪದರವನ್ನು ಮೃದುವಾಗಿಡುವುದು ನೀರು. ಆ ನೀರು ಹೊರಗೆ ಹೋಗದಂತೆ ಬಾಗಿಲು ಕಾಯುವುದು ಸ್ನೇಹ. ಎಣ್ಣೆಸ್ನಾನದಿಂದ ಎದ್ದವನ ಮೈ ಮಿರುಗುವುದಕ್ಕೂ ಇದೇ ಕಾರಣ. ಬಿಸಿನೀರನ್ನು ಕುಡಿದ ಚರ್ಮದ ಮೇಲೆ, ಹಿಟ್ಟು ಎಷ್ಟು ಉಜ್ಜಿದರೂ ಬಿಡದೆ ಉಳಿದ ಎಣ್ಣೆಯ ತೆಳುವಾದ ಪೊರೆಯೊಂದು ನಿಲ್ಲುವುದು. ಕರಾವಳಿಯವರು ಕೊಬ್ಬರಿಯೆಣ್ಣೆಯಿಂದಲೂ ಬಯಲಿನವರು ಎಳ್ಳೆಣ್ಣೆ ಹರಳೆಣ್ಣೆಗಳಿಂದಲೂ ಇದನ್ನು ಸಾಧಿಸುತ್ತಿದ್ದರು. ಉತ್ತರ ಕನ್ನಡ ಜಿಲ್ಲೆಯ ಮನೆಗಳಲ್ಲಿ ಮುರುಗಲ ಬೀಜದಿಂದ ತೆಗೆದ ಗಟ್ಟಿಯಾದ ತುಪ್ಪವನ್ನು ಒಡೆದ ಹಿಮ್ಮಡಿಗೂ ತುಟಿಗೂ ಹಚ್ಚುವುದುಂಟು. ಆ ಮುರುಗಲತುಪ್ಪವನ್ನು ಈಗ ದೊಡ್ಡ ಕಾರ್ಖಾನೆಗಳೂ ಕೊಂಡು ತಮ್ಮ ಲೇಪಗಳಲ್ಲಿ ಸೇರಿಸುತ್ತಿವೆ.

ನೀರು ಬೇಕು, ಅದನ್ನು ಹಿಡಿದಿಡಲು ಸ್ನೇಹವೂ ಬೇಕು. ಆದರೆ ಅವೆರಡೂ ಒಂದಕ್ಕೊಂದು ಬೆರೆಯುವುದಿಲ್ಲ. ಈ ವೈರವನ್ನು ಪರಿಹರಿಸುವುದೇ ಲೋಷನ್ನಿನ ರಹಸ್ಯ. ಕೊಟ್ಟಿಗೆಯಿದ್ದ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಹಾಲು ಎಂಬುದು ನೀರಿನಲ್ಲಿ ಕೊಬ್ಬಿನ ಅತಿಸೂಕ್ಷ್ಮವಾದ ಹನಿಗಳು ತೇಲುತ್ತಿರುವ ಪದಾರ್ಥ. ಬೆಣ್ಣೆಯೆಂಬುದು ಕೊಬ್ಬಿನಲ್ಲಿ ನೀರಿನ ಹನಿಗಳು ಸಿಕ್ಕಿಕೊಂಡಿರುವ ಪದಾರ್ಥ. ಲೋಷನ್ ಹಾಲಿನ ಜಾತಿಗೆ ಸೇರಿದುದು. ಹಳೆಯ ಕೋಲ್ಡ್ ಕ್ರೀಮು ಬೆಣ್ಣೆಯ ಜಾತಿಗೆ ಸೇರಿದುದು. 'ಎಳ್' ಮತ್ತು 'ನೆಯ್' ಸೇರಿ ಎಣ್ಣೆ, 'ಬೆಳ್' ಮತ್ತು 'ನೆಯ್' ಸೇರಿ ಬೆಣ್ಣೆ ಎಂದು ಎರಡು ಸ್ನೇಹಗಳಿಗೂ ಒಂದೇ ಮೂಲದಿಂದ ಹೆಸರಿಟ್ಟ ಕನ್ನಡವು, ನೀರನ್ನು ಒಡಲಲ್ಲಿಟ್ಟುಕೊಂಡ ಸ್ನೇಹವನ್ನು ಮಜ್ಜಿಗೆಯ ಗಡಿಗೆಯಲ್ಲಿ ಪ್ರತಿದಿನವೂ ಕಾಣುತ್ತಿತ್ತು.

ಆಯುರ್ವೇದದ ಭಂಡಾರದಲ್ಲಿ ಲೋಷನ್ನಿಗೆ ನಿಜವಾದ ಬಂಧುವೊಂದಿದ್ದರೆ ಅದು ಅನುಲೇಪನವಲ್ಲ, ಶತಧೌತಘೃತ. ತಾಮ್ರದ ಪಾತ್ರೆಯಲ್ಲಿ ತುಪ್ಪವನ್ನಿಟ್ಟು, ತಣ್ಣೀರು ಹಾಕಿ ಅಂಗೈಯಿಂದ ತಿಕ್ಕಿ, ಆ ನೀರನ್ನು ಬಸಿದು, ಮತ್ತೆ ಹೊಸ ನೀರು ಹಾಕಿ, ಹೀಗೆ ನೂರು ಸಲ ತೊಳೆದಾಗ ತುಪ್ಪವು ತನ್ನ ಹರಳನ್ನೂ ವಾಸನೆಯನ್ನೂ ಬಣ್ಣವನ್ನೂ ಕಳೆದುಕೊಂಡು, ನೀರಿನ ಅಂಶವನ್ನು ಒಳಗೆ ಹಿಡಿದುಕೊಂಡು, ಬೆಳ್ಳಗೆ ನುಣ್ಣಗೆ ಬೆಣ್ಣೆಯಂತಾಗುವುದು. ವಿಸರ್ಪವೇ ಮೊದಲಾದ ಉರಿಯುಳ್ಳ ರೋಗಗಳಿಗೆ ಚರಕನು ಇದನ್ನು ಹೇಳಿದ್ದಾನೆ. ಜ್ವರದಾಹಕ್ಕೆ ಸಾವಿರ ಸಲ ತೊಳೆದ ತುಪ್ಪವನ್ನು ಹೇಳಿದ್ದಾನೆ. ಲೋಷನ್ ಎಂಬ ಶಬ್ದಕ್ಕೆ ಮೂಲವಾದ ಲ್ಯಾಟಿನ್ ಪದಕ್ಕೂ ತೊಳೆಯುವಿಕೆಯೆಂದೇ ಅರ್ಥ. ಧಾತುಸಂಬಂಧವೇನೂ ಇಲ್ಲ, ಕಾಕತಾಳೀಯವಷ್ಟೆ. ಆದರೂ ತೊಳೆಯುವ ಕ್ರಿಯೆಯಿಂದಲೇ ಲೇಪಕ್ಕೆ ಹೆಸರು ಬಂದುದು ಎರಡು ಭಾಷೆಗಳಲ್ಲಿಯೂ ಸಮಾನವಾಗಿದೆ. ಪಶ್ಚಿಮದಲ್ಲಿ ಕ್ರಿ. ಶ. ಎರಡನೆಯ ಶತಮಾನದ ವೈದ್ಯನಾದ ಗೇಲನನ ಹೆಸರಿಗೆ ಸಲ್ಲುವ ಲೇಪದಲ್ಲಿ ಜೇನುಮೇಣವನ್ನು ಗುಲಾಬಿ ಊರಿದ ಎಣ್ಣೆಯೊಡನೆ ಕರಗಿಸಿ, ಹಿಡಿಯುವಷ್ಟು ನೀರನ್ನು ಸೇರಿಸಿ ಕಡೆಯುತ್ತಿದ್ದರು. ಮೈಗೆ ಹಚ್ಚಿದಾಗ ನೀರು ಆರಿ ತಂಪಾಗುತ್ತಿದ್ದುದರಿಂದಲೇ ಇದರ ಸಂತತಿಗೆ ಕೋಲ್ಡ್ ಕ್ರೀಮು ಎಂಬ ಹೆಸರು. ಗೇಲನನ ಲೇಪದಲ್ಲಿ ಪರಿಮಳವಿತ್ತು, ಶತಧೌತಘೃತದಲ್ಲಿ ಇರಲಿಲ್ಲ. ಗಂಧದ ನಾಡಿನಲ್ಲಿಯೇ ಹೀಗಾದುದು ಆಶ್ಚರ್ಯವಾದರೂ ಕಾರಣವು ಸ್ಪಷ್ಟವಾಗಿದೆ. ಇಲ್ಲಿ ಆ ತುಪ್ಪವು ವೈದ್ಯನ ಕೈಯಲ್ಲಿತ್ತು, ಗಂಧವು ಗಂಧಿಗನ ಕೈಯಲ್ಲಿತ್ತು. ಇಬ್ಬರ ಅಂಗಡಿಗಳೂ ಬೇರೆಬೇರೆ.

ಆಧುನಿಕ ಲೇಪಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಗೇಲನನ ಲೇಪವು ಬೇಗನೆ ಒಡೆದು ನೀರು ಬಿಡುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಗಾರವನ್ನು ಸೇರಿಸಿ ಅದನ್ನು ನಿಲ್ಲಿಸಿದರು. ೧೯೧೧ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ಕುರಿಯ ತುಪ್ಪುಳದ ಜಿಡ್ಡಿನಿಂದ ತೆಗೆದ ಸಂಯೋಜಕವನ್ನು ಬಳಸಿ ಕೆಡದೆ ನಿಲ್ಲುವ ಕ್ರೀಮೊಂದನ್ನು ಮಾಡಿ, ಹಿಮವೆಂಬರ್ಥದ ಲ್ಯಾಟಿನ್ ಶಬ್ದದಿಂದ ನಿವಿಯಾ ಎಂದು ಹೆಸರಿಟ್ಟರು. ಹಚ್ಚಿದೊಡನೆ ಜಿಡ್ಡು ಕಾಣದಂತೆ ಅಡಗುವ ಇನ್ನೊಂದು ಬಗೆಯ ಕ್ರೀಮಿಗೂ ಹಿಮದ ಹೆಸರೇ ಬಂದಿತು. ಮುಂಬಯಿಯಲ್ಲಿ ೧೯೧೯ರಲ್ಲಿ ಹೊರಟ ಅಫ್ಘಾನ್ ಸ್ನೋ ಎಂಬುದರ ದೆಸೆಯಿಂದ 'ಸ್ನೋ' ಎಂಬ ಮಾತು ಹಿಮವನ್ನೇ ಕಾಣದ ಕನ್ನಡ ನಾಡಿನ ಮನೆಗಳಲ್ಲಿಯೂ ಬಳಕೆಗೆ ಬಂದಿತು. ಇವುಗಳಿಗೆ ಬೇಡಿಕೆ ಹುಟ್ಟಿಸಿದ್ದು ಬಹುಮಟ್ಟಿಗೆ ಸಾಬೂನೇ. ಹಿಟ್ಟು ಬಿಟ್ಟುಹೋಗುತ್ತಿದ್ದ ಸ್ನೇಹದ ಪೊರೆಯನ್ನು ಸಾಬೂನು ಬಿಡದೆ ತೊಳೆದುಬಿಡುವುದು. ಎಣ್ಣೆಯನ್ನು ಕ್ಷಾರದೊಡನೆ ಕುದಿಸಿ ಸಾಬೂನು ಮಾಡುವಾಗ ಬೇರ್ಪಡುವ ಗ್ಲಿಸರೀನು ನೀರನ್ನು ಸೆಳೆದಿಡುವ ಗುಣವುಳ್ಳದ್ದಾದುದರಿಂದ ಲೋಷನ್ನಿಗೆ ಮುಖ್ಯವಾದ ಅಂಗವಾಯಿತು. ಸಾಬೂನು ಕಸಿದುಕೊಂಡುದನ್ನು ಸಾಬೂನಿನ ಒಡಹುಟ್ಟೇ ಹಿಂದಕ್ಕೆ ಕೊಡುವ ಈ ವ್ಯವಹಾರದಲ್ಲಿ ವರ್ತಕನಿಗೆ ಎರಡು ಕಡೆಯೂ ಲಾಭ.

ಇನ್ನು ಗಂಧದ ಕಡೆಗೆ ಬರಬೇಕು. ತೇಯ್ದ ಚಂದನವು ಮರದ ಹುಡಿಯೇ ಆದುದರಿಂದ ಇಂತಹ ನುಣುಪಾದ ಲೇಪದಲ್ಲಿ ಕರಗುವುದಿಲ್ಲ. ನೀರು ಸೇರಿದ ಗಂಧವು ಎರಡು ದಿನಕ್ಕೆ ಹಳಸುವುದು. ಗಂಧವು ಸ್ನೇಹದಲ್ಲಿ ಕೂಡಬೇಕಾದರೆ ಅದು ತಾನೂ ತೈಲವಾಗಬೇಕು. ಉತ್ತರದ ಕನೋಜಿನ ಅತ್ತರಿನವರು ಚಂದನದ ತೈಲವನ್ನು ಬಟ್ಟಿಯಿಳಿಸಿ ಅದರ ಮೇಲೆ ಹೂವಿನ ಪರಿಮಳವನ್ನು ಹಿಡಿಯುವ ವಿದ್ಯೆಯನ್ನು ಬಲ್ಲವರಾಗಿದ್ದರು. ಮರ ಬೆಳೆಯುತ್ತಿದ್ದ ಮೈಸೂರು ಸೀಮೆಯಿಂದ ಮಾತ್ರ ಬಹುಕಾಲ ಕೊರಡುಗಳೇ ಹೊರಗೆ ಹೋಗುತ್ತಿದ್ದವು. ೧೭೯೨ರಲ್ಲಿ ಟೀಪೂ ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದುದು ಮೊದಲ್ಗೊಂಡು ಆ ಮರವು ಯಾರ ಹೊಲದಲ್ಲಿ ಹುಟ್ಟಿದರೂ ಸರ್ಕಾರದ ಸೊತ್ತು. ಮುಂದಿನ ಅರಸರೂ ಆ ಹಕ್ಕನ್ನು ಬಿಡಲಿಲ್ಲ. ಸರ್ಕಾರವು ಕೊರಡುಗಳನ್ನು ಹರಾಜು ಮಾಡುತ್ತಿತ್ತು. ಅದರಲ್ಲಿ ಹೆಚ್ಚಿನ ಪಾಲು ಜರ್ಮನಿಗೆ ಹೋಗಿ ಅಲ್ಲಿ ತೈಲವಾಗುತ್ತಿತ್ತು. ೧೯೧೪ರಲ್ಲಿ ಯುದ್ಧವು ಆರಂಭವಾದೊಡನೆ ಆ ದಾರಿ ಮುಚ್ಚಿತು. ಸಂಸ್ಥಾನದ ಆದಾಯಕ್ಕೆ ಮುಖ್ಯವಾಗಿದ್ದ ಸರಕು ಕೊಳ್ಳುವವರಿಲ್ಲದೆ ಉಗ್ರಾಣಗಳಲ್ಲಿ ಉಳಿಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳಿಕೆಯಲ್ಲಿ ಆಗ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು, ಕೈಗಾರಿಕೆಗಳ ಇಲಾಖೆಯ ಮೇಲೆ ಆಲ್ಫ್ರೆಡ್ ಚಾಟರ್ಟನ್ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರಾದ ಸಡ್ಬರೋ ಮತ್ತು ವಾಟ್ಸನ್ ಎಂಬವರು ತೈಲವನ್ನು ಇಲ್ಲಿಯೇ ತೆಗೆಯುವ ಕ್ರಮವನ್ನು ಸಿದ್ಧಪಡಿಸಿದರು. ೧೯೧೬ರಲ್ಲಿ ಬೆಂಗಳೂರಿನಲ್ಲಿ ತೈಲವು ಇಳಿಯಿತು. ಬಳಿಕ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆಯೆದ್ದಿತು. ಚೇಗನ್ನೂ ಬೇರನ್ನೂ ಪುಡಿಮಾಡಿ ಎರಡು ಮೂರು ದಿನಗಳ ಕಾಲ ಹಬೆ ಹಾಯಿಸಿದರೆ, ನೂರು ಸೇರಿಗೆ ಐದಾರು ಸೇರು ತೈಲ ಬಂದರೆ ಒಳ್ಳೆಯ ಮರವೆಂದೇ ಹೇಳಬೇಕು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನು ಪರಿಮಳಗಳ ವಿದ್ಯೆಯನ್ನು ಕಲಿತು ಬಂದರು. ೧೯೧೮ರಲ್ಲಿ ಬೆಂಗಳೂರಿನ ಸರ್ಕಾರಿ ಕಾರ್ಖಾನೆಯಿಂದ ಹೊರಬಂದ ಗಂಧದ ಸಾಬೂನಿಗೆ ಆನೆಯ ಮೊಗವೂ ಸಿಂಹದ ಒಡಲೂ ಉಳ್ಳ ಶರಭವು ಮುದ್ರೆಯಾಯಿತು. ಪಾಠಶಾಲೆಯ ಮನೆತನದ ಹೆಸರನ್ನು ಹೊತ್ತ ಪಂಡಿತರೊಬ್ಬರು ಕೊಬ್ಬನ್ನೂ ಕ್ಷಾರವನ್ನೂ ಕೂಡಿಸುವ ಕಸುಬಿಗೆ ಕೈಯಿಟ್ಟುದು ಆ ಕಾಲಕ್ಕೆ ಸಣ್ಣ ಸಾಹಸವಾಗಿರಲಾರದು.

ಚಂದನವು ತೈಲರೂಪವಾಗಿ ಅಳತೆಗೆ ಸಿಕ್ಕಿದ ಮೇಲೆ ಗಂಧಕ್ಕೂ ಸ್ನೇಹಕ್ಕೂ ಇದ್ದ ಹಳೆಯ ಅಂತರವು ಕಾರಣವಿಲ್ಲದಂತಾಯಿತು. ಈ ತೈಲವು ಜಿಡ್ಡಿನಲ್ಲಿ ಸುಲಭವಾಗಿ ಬೆರೆಯುವುದು. ಬೇಗ ಹಾರಿಹೋಗದೆ, ತನ್ನೊಡನಿರುವ ಹೂವಿನ ಪರಿಮಳಗಳನ್ನೂ ಹಿಡಿದು ನಿಲ್ಲಿಸುವುದು. ಬಚ್ಚಲಿನ ಕರ್ಮವೂ ಕನ್ನಡಿಯ ಮುಂದಿನ ಕರ್ಮವೂ ಹೀಗೆ ಒಂದಾದುವು. ಇದರಲ್ಲಿ ವರಾಹಮಿಹಿರನ ಲಕ್ಷದ ಮೇಲಿನ ಗಂಧಗಳೆಲ್ಲ ಎಲ್ಲಿಯೋ ಕಳೆದುಹೋಗಿ, ನಾಲ್ಕಾರು ಪರಿಮಳಗಳೇ ಎಲ್ಲ ಸೀಸೆಗಳಲ್ಲಿಯೂ ಸುತ್ತುತ್ತಿರುವುವೆಂಬ ಮಾತನ್ನು ರಸಿಕರು ಹೇಳಿದರೆ ಅಲ್ಲಗಳೆಯುವಂತಿಲ್ಲ. ಅಗ್ಗದ ಸೀಸೆಗಳ ಮೇಲೆ ಶ್ರೀಗಂಧದ ಚಿತ್ರವಿದ್ದರೂ ಒಳಗಿರುವುದು ಬಹುಮಟ್ಟಿಗೆ ರಸಾಯನಶಾಲೆಯಲ್ಲಿ ಮಾಡಿದ ಪ್ರತಿಗಂಧವೇ. ಹೀಗಾಗುವುದಕ್ಕೆ ಮರದ ಅಭಾವವೇ ಕಾರಣ.

ಆ ಅಭಾವವು ಒಂದು ದಿನದಲ್ಲಿ ಬಂದುದಲ್ಲ. ೧೮೯೯ರಲ್ಲಿ ಕೊಡಗಿನಲ್ಲಿ ಮೊದಲು ಗಮನಕ್ಕೆ ಬಂದ ಸ್ಪೈಕ್ ರೋಗವು ಎಲೆಗಳನ್ನು ಮೊಳೆಯಂತೆ ಸಣ್ಣದಾಗಿಸಿ ಮರವನ್ನೇ ಕೊಲ್ಲುತ್ತ ಮೈಸೂರು ಸೀಮೆಗೆಲ್ಲ ಹಬ್ಬಿತು. ಅದಕ್ಕೆ ಕಾರಣವಾದ ಸೂಕ್ಷ್ಮಜೀವಿಯು ಪತ್ತೆಯಾದುದು ೧೯೬೯ರಲ್ಲಿ. ರೋಗಕ್ಕಿಂತಲೂ ಹೆಚ್ಚಾಗಿ ಕಳ್ಳರ ಕೊಡಲಿಯು ಕೆಲಸಮಾಡಿತು. ಹೊಲದ ಬದುವಿನಲ್ಲಿ ಹಕ್ಕಿ ಬಿತ್ತಿದ ಗಂಧದ ಸಸಿಯು ತಲೆಯೆತ್ತಿದರೆ, ಮುಂದೆ ಮರ ಸರ್ಕಾರದ್ದು, ಕಳುವಾದರೆ ಕೇಳುವುದು ತನ್ನನ್ನು ಎಂದು ಹೆದರಿ ರೈತನು ಅದನ್ನು ಕಿತ್ತೆಸೆಯುತ್ತಿದ್ದನು. ರಾಜವೃಕ್ಷವೆಂಬ ಬಿರುದೇ ಮರಕ್ಕೆ ಮುಳುವಾಯಿತು. ೨೦೦೧ರಲ್ಲಿ ಕರ್ನಾಟಕದ ಅರಣ್ಯಕಾಯಿದೆಗೆ ತಿದ್ದುಪಡಿ ತಂದು, ತನ್ನ ನೆಲದಲ್ಲಿ ಬೆಳೆದ ಗಂಧದ ಮರಕ್ಕೆ ಬೆಳೆದವನೇ ಒಡೆಯನೆಂದು ಒಪ್ಪಿಕೊಳ್ಳುವ ಹೊತ್ತಿಗೆ ಟೀಪುವಿನ ಆಜ್ಞೆಗೆ ಇನ್ನೂರ ಒಂಬತ್ತು ವರ್ಷಗಳಾಗಿದ್ದವು. ಪಶ್ಚಿಮ ಆಸ್ಟ್ರೇಲಿಯದಲ್ಲಿ ಇದೇ ಜಾತಿಯ ಮರದ ತೋಟಗಳು ಆಗಲೇ ಎದ್ದಿದ್ದವು. ಗಂಧದ ಗಿಡವು ತಾನೊಂದೇ ಬದುಕಲಾರದು. ಅದರ ಬೇರು ನೆರೆಯ ಗಿಡದ ಬೇರನ್ನು ಹಿಡಿದು ಆಹಾರವನ್ನು ಹೀರಬೇಕು. ಆದುದರಿಂದ ಎಳೆಯ ಸಸಿಯ ಪಕ್ಕದಲ್ಲಿ ತೊಗರಿಯನ್ನು ಬಿತ್ತುವರು. ಚೇಗು ಕಟ್ಟುವುದಕ್ಕೆ ಹತ್ತು ಹದಿನೈದು ವರ್ಷಗಳಾದರೂ ಬೇಕು, ಬಲಿಯುವುದಕ್ಕೆ ಮೂವತ್ತು. ಕಾಯಿದೆ ಬದಲಾದ ಹೊಸದರಲ್ಲಿ ಧೈರ್ಯಮಾಡಿ ನೆಟ್ಟ ರೈತರ ತೋಟಗಳಲ್ಲಿ ಚೇಗು ಈಗ ಬಲಿಯುತ್ತಿದೆ. ಸುತ್ತಲೂ ತಂತಿಯ ಬೇಲಿ, ಬೇಲಿಯೊಳಗೆ ನಾಯಿ, ರಾತ್ರಿಗೆ ಕಾವಲಿನವರು.